ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಸರ್ವರ್‌ನ ವಿಳಾಸ ‘ತಾನಾಗಿ’ ಬದಲಾದಾಗ

ಕಚೇರಿಯ ಸರ್ವರ್ ಕೈಕೊಟ್ಟ ದಿನ ಎಲ್ಲರ ಬಾಯಿಂದ ಬರುವ ಮೊದಲ ಮಾತು ಒಂದೇ: “ಯಾರು ಕೈ ಹಾಕಿದ್ದು?” ನೆಟ್‌ವರ್ಕ್ ಸೆಟ್ಟಿಂಗ್ ಬದಲಾಗಿದೆ ಎಂದು ಗೊತ್ತಾದರಂತೂ ಮುಗಿಯಿತು. ಹಿಂದಿನ ದಿನ ಕೊನೆಗೆ ಅದರ ಮುಂದೆ ಕೂತಿದ್ದವನೇ ಆರೋಪಿ. “ನಾನೇನೂ ಮಾಡಿಲ್ಲ, ತಾನಾಗಿಯೇ ಬದಲಾಗಿದೆ” ಎಂದು ಅವನು ಎಷ್ಟು ಹೇಳಿದರೂ ನಂಬುವವರಿಲ್ಲ. ಅನೇಕ ಸಲ ಅವನ ಮಾತು ಅರ್ಧ ನಿಜವಾಗಿರುತ್ತದೆ. ಅವನು ಬದಲಾಯಿಸಿರುವುದಿಲ್ಲ. ಹಾಗೆಂದು ಅದು ತಾನಾಗಿ ಬದಲಾಗಿರುವುದೂ ಇಲ್ಲ. ಬದಲಾಯಿಸಿದ್ದು ಬೇರೆ ಯಾವುದೋ. ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದೇ ಈ ಸಲದ ವಿಷಯ.

ವರಾಛಾದ ಒಂದು ಸೋಮವಾರ

ಉದಾಹರಣೆಗೆ ಸೂರತ್‌ನ ವರಾಛಾವನ್ನು ತೆಗೆದುಕೊಳ್ಳೋಣ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವ ಊರು ಎಂದು ಸೂರತ್‌ಗೆ ಹೆಸರು. 2023ರ ಡಿಸೆಂಬರ್ 17ರಂದು ಖಜೋದ್‌ನಲ್ಲಿ ಭವ್ಯವಾದ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆಯಾಯಿತು. ಆದರೂ ವಜ್ರದ ಕೆಲಸ ಎಂದರೆ ಇಂದಿಗೂ ವರಾಛಾದ ಮಿನಿ ಬಜಾರ್, ಹೀರಾಬಾಗ್ ನೆನಪಾಗುತ್ತವೆ. ಅಲ್ಲಿನ ಕಾರ್ಖಾನೆಗಳಲ್ಲಿ ಘಂಟಿಯ ಮುಂದೆ ಕೂತು ಕಲ್ಲು ಉಜ್ಜುವವರಿಗೆ ರತ್ನಕಲಾಕಾರ್ ಎನ್ನುತ್ತಾರೆ. ಅವರಲ್ಲಿ ಬಹಳಷ್ಟು ಜನರಿಗೆ ಕೂಲಿ ತಿಂಗಳ ಲೆಕ್ಕದಲ್ಲಿ ಅಲ್ಲ, ಕಲ್ಲಿನ ಲೆಕ್ಕದಲ್ಲಿ.

ಈಗ ಕಲ್ಲನ್ನು ಕೈಗೆತ್ತಿಕೊಳ್ಳುವ ಮೊದಲೇ ಕಂಪ್ಯೂಟರ್ ಕೆಲಸ ಶುರುವಾಗುತ್ತದೆ. ಒರಟು ಕಲ್ಲನ್ನು ಸ್ಕ್ಯಾನ್ ಮಾಡಿ, ಎಲ್ಲಿ ಕತ್ತರಿಸಿದರೆ ತೂಕ ಉಳಿಯುತ್ತದೆ, ಎಲ್ಲಿ ದೋಷ ತಪ್ಪುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆ ಫೈಲು ಸರ್ವರ್‌ನಲ್ಲಿ ಕೂರುತ್ತದೆ. ಯಾವ ಪೊಟ್ಟಣ ಯಾರ ಕೈಗೆ ಹೋಯಿತು ಎಂಬ ಲೆಕ್ಕವೂ ಅಲ್ಲೇ. ಅಂದಮೇಲೆ ಸರ್ವರ್ ಕಾಣದಿದ್ದರೆ ಕೆಲಸ ಹಂಚುವುದು ನಿಲ್ಲುತ್ತದೆ, ಕೆಲಸ ನಿಂತರೆ ಕಲ್ಲಿನ ಲೆಕ್ಕದ ಕೂಲಿಯೂ ನಿಲ್ಲುತ್ತದೆ. ಶೇಠ್‌ಜಿಯ ನಷ್ಟ ಒಂದು ಕಡೆ, ಮೂಲೆಯ ಘಂಟಿಯಲ್ಲಿ ಕೂತವರ ಆ ದಿನದ ಸಂಪಾದನೆ ಇನ್ನೊಂದು ಕಡೆ.

ಇಂಥದೊಂದು ಕಚೇರಿಯನ್ನು ಊಹಿಸಿಕೊಳ್ಳಿ. ಇಪ್ಪತ್ತು ಕಂಪ್ಯೂಟರ್, ಒಂದು ಸರ್ವರ್. ಸರ್ವರ್‌ನ ಐಪಿ ವಿಳಾಸ 192.168.1.10. ಸೋಮವಾರ ಬೆಳಗ್ಗೆ ಒಬ್ಬರಿಗೂ ಫೈಲು ತೆರೆಯುತ್ತಿಲ್ಲ. ಟ್ಯಾಲಿಯ ಬಹುಬಳಕೆದಾರ ಪರವಾನಗಿ ಇರುವುದೂ ಸರ್ವರ್‌ನಲ್ಲೇ ಆದ್ದರಿಂದ, ಉಳಿದ ಕಂಪ್ಯೂಟರ್‌ಗಳಲ್ಲಿ ಟ್ಯಾಲಿ “ಪರವಾನಗಿ ಸಿಗುತ್ತಿಲ್ಲ” ಎನ್ನುತ್ತಿದೆ. ಸರ್ವರ್ ಮಾತ್ರ ಆರಾಮಾಗಿ ನಡೆಯುತ್ತಿದೆ, ದೀಪಗಳೆಲ್ಲ ಮಿನುಗುತ್ತಿವೆ. ಹತ್ತಿರ ಹೋಗಿ ನೋಡಿದರೆ ವಿಳಾಸ ಬೇರೆಯಾಗಿದೆ!

ಇಲ್ಲಿ ಎಲ್ಲರೂ ಮಾಡುವುದು ಒಂದೇ. ಹಳೆಯ ಸಂಖ್ಯೆಯನ್ನು ಮತ್ತೆ ಟೈಪ್ ಮಾಡಿ “ಸರಿ ಹೋಯಿತು” ಎಂದು ಎದ್ದು ಬರುವುದು. ಬುಧವಾರ ಮತ್ತೆ ಅದೇ ಕಥೆ. ಅಷ್ಟರಲ್ಲಿ ಸೋಮವಾರ ಪರದೆಯ ಮೇಲಿದ್ದ ಸಾಕ್ಷಿ ಅಳಿಸಿಹೋಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕೊನೆಗೆ ಬೈಸಿಕೊಳ್ಳುವುದು ಸರ್ವರ್ ಪಕ್ಕದಲ್ಲಿ ಕೂರುವ ಹುಡುಗ.

ಮುಟ್ಟುವ ಮೊದಲು ಬರೆದುಕೊಳ್ಳಿ

ಏನನ್ನೂ ಸರಿಪಡಿಸುವ ಮೊದಲು ಈಗ ಏನಿದೆ ಎಂದು ಬರೆದುಕೊಳ್ಳಬೇಕು. ವಿಂಡೋಸ್ ಸರ್ವರ್ ಆದರೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಎಂಬ ಆದೇಶ ಕೊಡಿ. ಪರದೆಯ ಮೇಲೆ ಬಂದದ್ದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದದ್ದು ಇಷ್ಟು:

ಒಂದು, ಐಪಿ ವಿಳಾಸ. ಇದು ಮನೆಯ ನಂಬರ್ ಇದ್ದಂತೆ.
ಎರಡು, ಸಬ್‌ನೆಟ್ ಮಾಸ್ಕ್. ಯಾರು ಯಾರು ನಮ್ಮ ಬೀದಿಯವರು ಎಂದು ತಿಳಿಸುವುದು ಇದು.
ಮೂರು, ಗೇಟ್‌ವೇ. ಬೀದಿಯಿಂದ ಹೊರಗೆ ಹೋಗುವ ದಾರಿ.
ನಾಲ್ಕು, ಡಿಎನ್‌ಎಸ್. ಹಿಂದೆ 197ಕ್ಕೆ ಫೋನ್ ಮಾಡಿ ಹೆಸರು ಹೇಳಿ ನಂಬರ್ ಕೇಳುತ್ತಿದ್ದೆವಲ್ಲ, ಆ ಕೆಲಸ ಮಾಡುವವನು.
ಐದು, ಡಿಎಚ್‌ಸಿಪಿ. ಇದರ ಮುಂದೆ ‘ಯೆಸ್’ ಇದೆಯೋ ‘ನೋ’ ಇದೆಯೋ, ‘ಯೆಸ್’ ಇದ್ದರೆ ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿ ಯಾವ ಸಂಖ್ಯೆ ಇದೆ?
ಆರು, ನೆಟ್‌ವರ್ಕ್ ಕಾರ್ಡಿನ ಹೆಸರು ಮತ್ತು ಅದರ ಭೌತಿಕ ವಿಳಾಸ, ಅಂದರೆ ಮ್ಯಾಕ್ ವಿಳಾಸ.

ಐದನೆಯದು ಬಹಳ ಮುಖ್ಯ. ಕೇಳಿದವರಿಗೆಲ್ಲ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಅದು ಕೊಡುವ ವಿಳಾಸ ಸ್ವಂತದ್ದಲ್ಲ, ಬಾಡಿಗೆಯದು. ಎಷ್ಟೋ ಕಚೇರಿಗಳಲ್ಲಿ ಸರ್ವರ್‌ಗೆ ಸ್ಥಿರ ವಿಳಾಸ ಕೊಟ್ಟಿದ್ದೇವೆ ಎಂದುಕೊಂಡಿರುತ್ತಾರೆ, ಆದರೆ ಕೊಟ್ಟಿರುವುದಿಲ್ಲ. ಹಳೆಯ ರೂಟರ್ ಪ್ರತಿ ಸಲವೂ ಅದೇ ಸಂಖ್ಯೆಯನ್ನು ಕೊಡುತ್ತಿದ್ದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರುವುದಿಲ್ಲ. ರೂಟರ್ ಬದಲಾಯಿಸಿದಾಗ ಗುಟ್ಟು ರಟ್ಟಾಗುತ್ತದೆ.

ಅದೂ ಕೂಡಲೇ ಅಲ್ಲ. ಬಾಡಿಗೆ ಅವಧಿ ಅರ್ಧ ಕಳೆದಾಗ ಯಂತ್ರವು ವಿಳಾಸ ಕೊಟ್ಟವರನ್ನೇ ಹುಡುಕಿ “ಮುಂದುವರಿಸಲೇ?” ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ಹಳೆಯ ವಿಳಾಸದಲ್ಲೇ ಇದ್ದು, ಅವಧಿಯ ಎಂಟರಲ್ಲಿ ಏಳು ಭಾಗ ಕಳೆದ ಮೇಲೆ ಸಿಕ್ಕವರನ್ನೆಲ್ಲ ಕೇಳುತ್ತದೆ. ಶುಕ್ರವಾರ ಮಾಡಿದ ಬದಲಾವಣೆಯ ಫಲ ಸೋಮವಾರ ಕಾಣುವುದು ಹೀಗೆ. ಆದ್ದರಿಂದ ಭಾನುವಾರ ಕೊನೆಗೆ ಕೂತಿದ್ದವನನ್ನು ಹಿಡಿಯುವ ಮೊದಲು, ಆ ವಾರ ಪೂರ್ತಿ ಕಚೇರಿಗೆ ಹೊಸದಾಗಿ ಏನು ಬಂತು ಎಂದು ಕೇಳಿ.

ಹೊಸ ರೂಟರ್ ಬಂದಿದೆಯೇ?

ಮೇಲಿನ ಮಹಡಿಯಲ್ಲಿ ವೈಫೈ ಸಿಗುವುದಿಲ್ಲ ಎಂದು ಯಾರೋ ಅಂಗಡಿಯಿಂದ ಒಂದು ಚಿಕ್ಕ ರೂಟರ್ ತಂದು, ಗೋಡೆಯ ಕೇಬಲ್ ಅದಕ್ಕೆ ಸಿಕ್ಕಿಸುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಅಂಗಡಿಯಿಂದ ಬಂದಾಗಲೇ ಇಂಥ ರೂಟರ್‌ಗಳಲ್ಲಿ ಡಿಎಚ್‌ಸಿಪಿ ಚಾಲೂ ಇರುತ್ತದೆ. ಕೇಬಲನ್ನು ಅದರ ಲ್ಯಾನ್ ರಂಧ್ರಕ್ಕೆ ಸಿಕ್ಕಿಸಿದರೆ ಇಡೀ ಕಚೇರಿಗೆ ವಿಳಾಸ ಹಂಚುವವರು ಇಬ್ಬರಾದರು! ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಮಾತು ನಡೆಯುತ್ತದೆ. ಅದಕ್ಕೇ ಇಪ್ಪತ್ತರಲ್ಲಿ ಏಳು ಕಂಪ್ಯೂಟರ್ ಕೆಟ್ಟು, ಉಳಿದ ಹದಿಮೂರು ಸರಿಯಾಗಿರುವ ವಿಚಿತ್ರ.

ಪತ್ತೆ ಸುಲಭ. ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿರುವ ಸಂಖ್ಯೆ ನಿಮ್ಮ ರೂಟರ್‌ನದ್ದೇ? ಅಲ್ಲದಿದ್ದರೆ ‘ಎಆರ್‌ಪಿ -ಎ’ ಎಂಬ ಆದೇಶ ಕೊಟ್ಟರೆ ಆ ಸಂಖ್ಯೆಯ ಮ್ಯಾಕ್ ವಿಳಾಸ ಸಿಗುತ್ತದೆ. ಮ್ಯಾಕ್ ವಿಳಾಸದ ಮೊದಲರ್ಧ ನೋಡಿದರೆ ಉಪಕರಣ ಯಾವ ಕಂಪನಿಯದ್ದು ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ಆಮೇಲೆ ಸ್ವಿಚ್‌ನ ಕೇಬಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರೂ ಆಯಿತು, ಸ್ವಿಚ್ ಸ್ವಲ್ಪ ಬುದ್ಧಿಯದಾದರೆ ಯಾವ ರಂಧ್ರದಲ್ಲಿದೆ ಎಂದು ಅದೇ ಹೇಳುತ್ತದೆ. ಅಂಥ ಸ್ವಿಚ್‌ಗಳಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಎಂಬ ಸೌಲಭ್ಯವೂ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಗೊತ್ತುಮಾಡಿದ ರಂಧ್ರ ಬಿಟ್ಟು ಬೇರೆಲ್ಲಿಂದಲೂ ವಿಳಾಸ ಹಂಚಲು ಬಿಡುವುದಿಲ್ಲ.

169.254 ಎಂದು ಕಂಡರೆ

ವಿಳಾಸ 169.254 ಎಂದು ಶುರುವಾಗಿದ್ದರೆ, ಆ ಯಂತ್ರಕ್ಕೆ ಬೇರೆ ಗತಿಯಿಲ್ಲದೆ ತನಗೆ ತಾನೇ ಸಂಖ್ಯೆ ಕೊಟ್ಟುಕೊಂಡಿದೆ ಎಂದರ್ಥ. ಡಿಎಚ್‌ಸಿಪಿ ಯಂತ್ರ ಉತ್ತರಿಸದಿದ್ದಾಗ ಹೀಗಾಗುವುದು ಅನೇಕರಿಗೆ ಗೊತ್ತು. ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಸ್ಥಿರ ವಿಳಾಸ ಕೊಟ್ಟ ಸರ್ವರ್‌ನಲ್ಲೂ ಇದು ಕಾಣಬಹುದು. ವಿಂಡೋಸ್ ಶುರುವಾಗುವಾಗ “192.168.1.10 ನನ್ನದು, ಬೇರೆ ಯಾರದ್ದಾದರೂ ಇದೆಯೇ?” ಎಂದು ಜಾಲದಲ್ಲಿ ಕೂಗಿ ಕೇಳುತ್ತದೆ. ಹೊಸ ಪ್ರಿಂಟರೋ, ಹಾಜರಿ ಯಂತ್ರವೋ, ಸಿಸಿಟಿವಿ ಪೆಟ್ಟಿಗೆಯೋ ಅದೇ ಸಂಖ್ಯೆ ಹಿಡಿದು ಕೂತಿದ್ದರೆ “ಇದೆ” ಎಂದು ಉತ್ತರ ಬರುತ್ತದೆ. ಆಗ ಸರ್ವರ್ ತನ್ನ ಸ್ವಂತ ಸಂಖ್ಯೆಯನ್ನು ಬಿಟ್ಟುಕೊಟ್ಟು 169.254ಕ್ಕೆ ಹೋಗುತ್ತದೆ. ಸೆಟ್ಟಿಂಗ್ ತೆರೆದರೆ ಹಳೆಯ ಸಂಖ್ಯೆಯೇ ಇರುತ್ತದೆ, ನಡೆಯುತ್ತಿರುವುದು ಮಾತ್ರ ಬೇರೆ.

ಇಂಥ ಜಗಳವಾದರೆ ವಿಂಡೋಸ್‌ನ ಸಿಸ್ಟಂ ಲಾಗ್‌ನಲ್ಲಿ 4199 ಎಂಬ ಸಂಖ್ಯೆಯ ದಾಖಲೆ ಬೀಳುತ್ತದೆ. ಜಗಳವಾಡಿದ ಇನ್ನೊಂದು ಯಂತ್ರದ ಮ್ಯಾಕ್ ವಿಳಾಸವೂ ಅದರಲ್ಲಿರುತ್ತದೆ. ಇಷ್ಟು ಸ್ಪಷ್ಟವಾದ ಸಾಕ್ಷಿ ಕೈಯಲ್ಲಿದ್ದಾಗ ಹುಡುಗನನ್ನು ಬೈಯುವುದೇಕೆ?

ರಾತ್ರಿ ಅಪ್‌ಡೇಟ್ ಬಂದಿತ್ತೇ?

ಎಲ್ಲ ತಪ್ಪೂ ಕಚೇರಿಯದ್ದೇ ಆಗಬೇಕಿಲ್ಲ. 2018ರ ಮಾರ್ಚ್ 13ರಂದು ಮೈಕ್ರೋಸಾಫ್ಟ್ ವಿಂಡೋಸ್ 7 ಮತ್ತು ವಿಂಡೋಸ್ ಸರ್ವರ್ 2008 ಆರ್2ಗಾಗಿ ಕೆಬಿ 4088875 ಎಂಬ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿದ ಕೆಲವು ಯಂತ್ರಗಳಲ್ಲಿ ಹಳೆಯ ನೆಟ್‌ವರ್ಕ್ ಕಾರ್ಡಿನ ಜಾಗದಲ್ಲಿ ಹೊಸ ಕಾರ್ಡೊಂದು ಬಂದಂತೆ ವಿಂಡೋಸ್ ಭಾವಿಸಿತು. ಕಾರ್ಡು ಅದೇ, ಆದರೆ ವಿಂಡೋಸ್‌ನ ಕಣ್ಣಿಗೆ ಹೊಸದು. ಹೊಸದೆಂದ ಮೇಲೆ ಅದಕ್ಕೆ ಸ್ಥಿರ ವಿಳಾಸ ಎಲ್ಲಿಂದ ಬರಬೇಕು? ಸ್ಥಿರ ವಿಳಾಸ ಕಳೆದುಹೋಗಬಹುದು ಎಂದು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡಿತು. ಹಳೆಯ ಸೆಟ್ಟಿಂಗ್ ರಿಜಿಸ್ಟ್ರಿಯೊಳಗೆ ಉಳಿದೇ ಇರುತ್ತದೆ, ಬಳಕೆಯಾಗುವುದಿಲ್ಲ ಅಷ್ಟೇ ಎಂದೂ ತಿಳಿಸಿತು. ಆಮೇಲೆ ಕೆಬಿ 4099950 ಎಂಬ ಪರಿಹಾರ ಬಂತು. ಎಷ್ಟು ಕಚೇರಿಗಳಲ್ಲಿ ಆ ವಾರ ಯಾರು ಯಾರು ಬೈಸಿಕೊಂಡರೋ!

ಸರ್ವರ್ 2008 ಆರ್2ಗೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ಆದರೆ ಈ ಬಗೆಯ ತೊಂದರೆ ಹಳೆಯದಾಗಿಲ್ಲ. ಕಾರ್ಡ್ ಬದಲಾಯಿಸಿದಾಗ, ಸರ್ವರನ್ನು ವರ್ಚುವಲ್ ಯಂತ್ರವನ್ನಾಗಿ ಬೇರೆಡೆಗೆ ಸಾಗಿಸಿದಾಗ, ಡ್ರೈವರ್ ನವೀಕರಿಸಿದಾಗ ಇಂದಿಗೂ ಹೀಗಾಗುತ್ತದೆ. ಗುರುತು ಏನೆಂದರೆ, ಕಾರ್ಡಿನ ಹೆಸರಿನ ಮುಂದೆ ‘ಎತರ್ನೆಟ್ 2’ ಎಂದೋ ‘#2’ ಎಂದೋ ಹೊಸ ಸಂಖ್ಯೆ ಸೇರಿಕೊಂಡಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಉಪಕರಣಗಳನ್ನು ತೋರಿಸು ಎಂದರೆ ಹಳೆಯ ಕಾರ್ಡು ಮಸುಕಾಗಿ ಕಾಣುತ್ತದೆ. ಅದೇ ‘ದೆವ್ವದ ಕಾರ್ಡು’. ಅದನ್ನು ತೆಗೆದುಹಾಕಿ, ಆಮೇಲೆ ಹೊಸದಕ್ಕೆ ವಿಳಾಸ ಕೊಡಬೇಕು.

ಸಂಖ್ಯೆ ಅದೇ, ಬಾಗಿಲು ಮುಚ್ಚಿದೆ

ಕೆಲವೊಮ್ಮೆ ವಿಳಾಸ, ಗೇಟ್‌ವೇ ಎಲ್ಲವೂ ಸರಿಯಾಗಿದ್ದು ಫೈಲು ಮಾತ್ರ ತೆರೆಯುವುದಿಲ್ಲ. ವಿಂಡೋಸ್ ಪ್ರತಿ ಜಾಲಕ್ಕೂ ಒಂದು ದರ್ಜೆ ಕೊಡುತ್ತದೆ: ಡೊಮೈನ್, ಖಾಸಗಿ, ಸಾರ್ವಜನಿಕ. ಕರೆಂಟ್ ಹೋಗಿ ಎಲ್ಲ ಯಂತ್ರಗಳೂ ಒಟ್ಟಿಗೆ ಶುರುವಾದಾಗ ಸರ್ವರ್‌ಗೆ ತನ್ನ ಡೊಮೈನ್‌ನ ಯಜಮಾನ ಯಂತ್ರ ಸಮಯಕ್ಕೆ ಸರಿಯಾಗಿ ಸಿಗದಿದ್ದರೆ, “ಇದು ಯಾವುದೋ ಅಪರಿಚಿತ ಜಾಗ” ಎಂದುಕೊಂಡು ಸಾರ್ವಜನಿಕ ದರ್ಜೆಗೆ ಹೋಗಬಹುದು. ರೈಲ್ವೆ ನಿಲ್ದಾಣದ ವೈಫೈಯಲ್ಲಿ ಕೂತಂತೆ ಫೈರ್‌ವಾಲ್ ಬಾಗಿಲು ಹಾಕಿಕೊಳ್ಳುತ್ತದೆ. ಇಲ್ಲಿ ಐಪಿ ಸಂಖ್ಯೆಯನ್ನು ನೂರು ಸಲ ಟೈಪ್ ಮಾಡಿದರೂ ಪ್ರಯೋಜನವಿಲ್ಲ. ದರ್ಜೆಯನ್ನು ನೋಡಿ. ಯಜಮಾನ ಯಂತ್ರ ಮೊದಲು, ಉಳಿದವು ಆಮೇಲೆ ಎಂದು ಶುರುಮಾಡುವ ಕ್ರಮ ಇಟ್ಟುಕೊಳ್ಳಿ. ಫೈರ್‌ವಾಲನ್ನೇ ಪೂರ್ತಿ ನಿಲ್ಲಿಸಿಬಿಡುವುದು ಪರಿಹಾರವಲ್ಲ.

ಲಿನಕ್ಸ್ ಇಟ್ಟುಕೊಂಡವರಿಗೆ

ಲಿನಕ್ಸ್‌ನಲ್ಲೂ ಇದೇ ತತ್ತ್ವ, ಬರೆಯುವ ಕೈಗಳು ಮಾತ್ರ ಬೇರೆ. ಹಿಂದೆ ಇತ್0 ಎಂದಿದ್ದ ಕಾರ್ಡಿಗೆ ಹೊಸ ವ್ಯವಸ್ಥೆ ಇಎನ್‌ಪಿ3ಎಸ್0 ಎಂಬಂಥ ಹೆಸರು ಕೊಡುತ್ತದೆ. ಈ ಪದ್ಧತಿ 2013ರಲ್ಲಿ ಸಿಸ್ಟಂಡಿ 197ನೇ ಆವೃತ್ತಿಯೊಂದಿಗೆ ಬಂತು. ಕಾರ್ಡು ಕೂತ ಜಾಗದ ಮೇಲೆ ಹೆಸರು ನಿಲ್ಲುವುದರಿಂದ, ಜಾಗ ಬದಲಾದರೆ ಹೆಸರೂ ಬದಲಾಗುತ್ತದೆ. ಹಳೆಯ ಹೆಸರಿಗೆ ಬರೆದಿಟ್ಟ ಸೆಟ್ಟಿಂಗ್ ಅನಾಥವಾಗುತ್ತದೆ.

ಇನ್ನೊಂದು ಮಾಮೂಲಿ ದೂರು, “ಡಿಎನ್‌ಎಸ್ ಬರೆದಿಟ್ಟೆ, ಮರುದಿನ ಮಾಯ” ಎಂಬುದು. ರಿಸಾಲ್ವ್ ಕಾನ್ಫ್ ಎಂಬ ಆ ಫೈಲಿನ ಮೊದಲ ಸಾಲುಗಳನ್ನು ಓದಿ. ಬಹುತೇಕ “ಇದನ್ನು ಇಂಥ ಪ್ರೋಗ್ರಾಂ ಬರೆಯುತ್ತದೆ, ನೀವು ತಿದ್ದಬೇಡಿ” ಎಂದು ಇಂಗ್ಲಿಷಿನಲ್ಲಿ ಬರೆದೇ ಇರುತ್ತದೆ. ನಾವು ಓದುವುದಿಲ್ಲ! ಬದಲಾಯಿಸಬೇಕಾದ್ದು ಆ ಪ್ರೋಗ್ರಾಂನ ಸೆಟ್ಟಿಂಗನ್ನು. ಉಬುಂಟುವಿನಲ್ಲಿ ನೆಟ್‌ಪ್ಲಾನ್ ಫೈಲಿನ ಹೆಸರಿನಲ್ಲಿ ‘ಕ್ಲೌಡ್ ಇನಿಟ್’ ಎಂದಿದ್ದರೂ ಅದೇ ಮಾತು. ಬರೆಯುವವನು ಬೇರೊಬ್ಬನಿದ್ದಾನೆ, ಅವನನ್ನು ಹಿಡಿಯಿರಿ.

ಡಿಎನ್‌ಎಸ್ ಒಂದೇ ಬದಲಾಗಿದ್ದರೆ ಎಚ್ಚರ!

ಇಲ್ಲಿವರೆಗೆ ಹೇಳಿದ್ದೆಲ್ಲ ಅಮಾಯಕ ಕಾರಣಗಳು. ವಿಳಾಸ, ಗೇಟ್‌ವೇ ಹಾಗೇ ಇದ್ದು ಡಿಎನ್‌ಎಸ್ ಮಾತ್ರ ಗುರುತಿಲ್ಲದ ಸಂಖ್ಯೆಯಾಗಿದ್ದರೆ ಕಳ್ಳತನವನ್ನೂ ಶಂಕಿಸಬೇಕು. 197ರ ಜಾಗದಲ್ಲಿ ಕಳ್ಳನೊಬ್ಬ ಕೂತು, ಬ್ಯಾಂಕಿನ ನಂಬರ್ ಕೇಳಿದವರಿಗೆ ತನ್ನ ಮನೆ ನಂಬರ್ ಕೊಟ್ಟಂತೆ.

ಡಿಎನ್‌ಎಸ್ ಚೇಂಜರ್ ಎಂಬ ಕುತಂತ್ರಾಂಶ ಇದನ್ನೇ ಮಾಡಿತು. 2007ರಿಂದ ಹರಡಿದ ಇದು ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ತಗುಲಿತ್ತು. 2008ರ ಡಿಸೆಂಬರ್‌ನಲ್ಲಿ ಕಂಡ ಒಂದು ತಳಿಯಂತೂ, ಸೋಂಕು ತಗುಲಿದ ಒಂದು ಕಂಪ್ಯೂಟರನ್ನೇ ನಕಲಿ ಡಿಎಚ್‌ಸಿಪಿ ಯಂತ್ರವಾಗಿಸಿ, ಅದೇ ಕಚೇರಿಯ ಸೋಂಕಿಲ್ಲದ ಯಂತ್ರಗಳಿಗೂ ಕಳ್ಳ ಡಿಎನ್‌ಎಸ್ ಹಂಚುತ್ತಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಕಾರ್ಯಾಚರಣೆಯಲ್ಲಿ ಎಸ್ಟೋನಿಯಾದ ಆರು ಜನರ ಮೇಲೆ ಆರೋಪ ಹೊರಿಸಲಾಯಿತು. ಕಳ್ಳ ಯಂತ್ರಗಳನ್ನು ಒಮ್ಮೆಲೇ ನಿಲ್ಲಿಸಿದರೆ ಲಕ್ಷಾಂತರ ಜನರ ಇಂಟರ್ನೆಟ್ ನಿಲ್ಲುತ್ತಿತ್ತು. ಆದ್ದರಿಂದ ಅವುಗಳ ಜಾಗದಲ್ಲಿ ಒಳ್ಳೆಯ ಯಂತ್ರಗಳನ್ನು ಇಟ್ಟು, 2012ರ ಜುಲೈ 9ರವರೆಗೆ ನಡೆಸಿ ನಂತರ ಮುಚ್ಚಿದರು.

ಆದ್ದರಿಂದ ಡಿಎನ್‌ಎಸ್ ಬದಲಾವಣೆ ಕಂಡರೆ ಸರ್ವರ್ ಮಾತ್ರ ನೋಡಿ ಸುಮ್ಮನಾಗಬೇಡಿ. ರೂಟರ್‌ನೊಳಗಿನ ಡಿಎನ್‌ಎಸ್ ನೋಡಿ, ರೂಟರ್‌ನ ಗುಪ್ತಪದ ಬದಲಾಯಿಸಿ, ಎಲ್ಲ ಯಂತ್ರಗಳನ್ನೂ ಪರೀಕ್ಷಿಸಿ. ಅದು ಮುಗಿಯುವವರೆಗೆ ಆ ಕಚೇರಿಯಿಂದ ಬ್ಯಾಂಕ್ ವ್ಯವಹಾರ ಬೇಡ.

ಲಾಗ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್ ನೋಡಿ. 1074 ಎಂಬ ದಾಖಲೆ ಯಾವ ಖಾತೆ ಅಥವಾ ಯಾವ ಪ್ರೋಗ್ರಾಂ ಸರ್ವರನ್ನು ಮರುಚಾಲನೆ ಮಾಡಿಸಿತು ಎಂದು ಹೇಳುತ್ತದೆ. 6008 ಎಂದರೆ ಸರ್ವರ್ ಹೇಳದೆ ಕೇಳದೆ ನಿಂತಿತ್ತು ಎಂದರ್ಥ, ಬಹುಶಃ ಯುಪಿಎಸ್ ಕೈಕೊಟ್ಟಿರಬೇಕು. ವಿಂಡೋಸ್ ಅಪ್‌ಡೇಟ್‌ನ 19 ಎಂದರೆ ಅಪ್‌ಡೇಟೊಂದು ಕೂತಿತು ಎಂದು. ಈ ಸಮಯಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆಯಿರಿ. ರಾತ್ರಿ 3 ಗಂಟೆಗೆ ಅಪ್‌ಡೇಟ್, 3.10ಕ್ಕೆ ಮರುಚಾಲನೆ, 3.15ರಿಂದ ಹೊಸ ವಿಳಾಸ ಎಂದು ಕಂಡರೆ ಆರೋಪಿ ಯಾರೆಂದು ಬೇರೆ ಹೇಳಬೇಕಿಲ್ಲ. ಹಳೆಯ ದಾಖಲೆಗಳ ಮೇಲೆ ಹೊಸವು ಬೀಳುತ್ತಾ ಹೋಗುವುದರಿಂದ ಅದೇ ದಿನ ಲಾಗ್ ಉಳಿಸಿಟ್ಟುಕೊಳ್ಳಿ.

ಆದರೆ ಲಾಗ್‌ಗೂ ಮಿತಿಯಿದೆ. ಯಾರಾದರೂ ಕೂತು ಕೈಯಾರೆ ಐಪಿ ಬದಲಾಯಿಸಿದರೆ ಇಂಥವರು ಬದಲಾಯಿಸಿದರು ಎಂದು ಸಿಸ್ಟಂ ಲಾಗ್ ನೇರವಾಗಿ ಹೇಳುವುದಿಲ್ಲ. ಯಾವ ಖಾತೆ ಯಾವಾಗ ಒಳಗೆ ಬಂದಿತ್ತು ಎಂಬುದರೊಡನೆ ತಾಳೆ ನೋಡಬೇಕು. ನಾಲ್ಕು ಜನ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆ, ಒಂದೇ ಗುಪ್ತಪದ ಬಳಸುತ್ತಿದ್ದರೆ ಲಾಗ್ ತೋರಿಸುವುದು ‘ಅಡ್ಮಿನಿಸ್ಟ್ರೇಟರ್’ ಎಂಬ ಹೆಸರನ್ನು ಮಾತ್ರ. ಅಲ್ಲಿಗೆ ತಪ್ಪು ಮಾಡಿದವನೂ ಸಿಗುವುದಿಲ್ಲ, ಮಾಡದವನೂ ಬಿಡುಗಡೆಯಾಗುವುದಿಲ್ಲ. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಕೊಡಿ ಎಂದು ನೀವೇ ಶೇಠ್‌ಜಿಯ ಬಳಿ ಕೇಳಿಕೊಳ್ಳಿ. ಅದು ಅವರಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಪಾಡುತ್ತದೆ.

ಸರಿಪಡಿಸುವಾಗ

ಕಾರಣ ಸಿಕ್ಕ ಮೇಲೆ ಮೂಲದಲ್ಲೇ ಸರಿಪಡಿಸಿ. ಅನಗತ್ಯ ರೂಟರ್‌ನ ಡಿಎಚ್‌ಸಿಪಿ ನಿಲ್ಲಿಸಿ. ಸರ್ವರ್‌ಗೆ ಸ್ಥಿರ ವಿಳಾಸ ಕೊಟ್ಟು, ರೂಟರ್ ಹಂಚುವ ಸಂಖ್ಯೆಗಳ ಸಾಲಿನಿಂದ ಅದನ್ನು ಹೊರಗಿಡಿ. ರೂಟರ್ 100ರಿಂದ 200ರವರೆಗೆ ಹಂಚಲಿ, 10 ಸರ್ವರ್‌ಗೆ ಮೀಸಲಿರಲಿ. ಪ್ರಿಂಟರ್, ಕ್ಯಾಮೆರಾಗಳಿಗೆ 20ರಿಂದ 50 ಎಂದು ಗೊತ್ತುಮಾಡಿ.

ದೂರದಿಂದ ಕೂತು ಸರ್ವರ್‌ನ ವಿಳಾಸ ಬದಲಾಯಿಸುವುದು ತಾನು ಕೂತ ಕೊಂಬೆಯನ್ನೇ ಕಡಿದಂತೆ. ಬದಲಾದ ಕ್ಷಣ ನಿಮ್ಮ ಸಂಪರ್ಕವೇ ಕಡಿದುಹೋಗುತ್ತದೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತವಲ್ಲ, ಅದಕ್ಕೆ ಕಾರಣ ನಿರ್ವಹಣೆಯ ಹೊತ್ತಿನಲ್ಲಿ ಕೊಟ್ಟ ಒಂದು ಆದೇಶ. ಅದು ಅವರ ಒಳಜಾಲವನ್ನೇ ಕಡಿದುಹಾಕಿತು. ಸರಿಪಡಿಸಲು ಬೇಕಾದ ಸಾಧನಗಳೂ ಅದೇ ಜಾಲದ ಮೇಲಿದ್ದವು. ಕೊನೆಗೆ ಎಂಜಿನಿಯರುಗಳು ಯಂತ್ರಗಳಿದ್ದ ಕಟ್ಟಡಕ್ಕೇ ಹೋಗಬೇಕಾಯಿತು. ನಿಮ್ಮಲ್ಲಿ ಉಬುಂಟು ಇದ್ದರೆ ‘ನೆಟ್‌ಪ್ಲಾನ್ ಟ್ರೈ’ ಎಂಬ ಆದೇಶ ಬಳಸಿ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯ ಸೆಟ್ಟಿಂಗ್‌ಗೇ ಮರಳುತ್ತದೆ. ವಿಂಡೋಸ್ ಆದರೆ ಕೀಬೋರ್ಡ್, ಪರದೆ ಸಿಕ್ಕಿಸಿ ಸರ್ವರ್ ಮುಂದೆಯೇ ಕೂತು ಮಾಡಿ.

ಸರ್ವರ್ ಮೇಲೆ ಅಂಟಿಸುವ ಚೀಟಿ

ಕೊನೆಗೆ ಒಂದು ಚೀಟಿ. ಎಲ್ಲವೂ ಸರಿಯಿರುವ ದಿನವೇ ಇದನ್ನು ತುಂಬಿಸಿ, ಮೇಲೆ ಆ ದಿನದ ತಾರೀಖು ಹಾಕಿ, ಸರ್ವರ್ ಪಕ್ಕದ ಗೋಡೆಗೆ ಅಂಟಿಸಿ:

ಐಪಿ ವಿಳಾಸ, ಮಾಸ್ಕ್, ಗೇಟ್‌ವೇ, ಡಿಎನ್‌ಎಸ್.
ಸ್ಥಿರವೋ, ಡಿಎಚ್‌ಸಿಪಿಯೋ.
ಕಾರ್ಡಿನ ಹೆಸರು, ಮ್ಯಾಕ್ ವಿಳಾಸ.
ರೂಟರ್‌ನ ವಿಳಾಸ, ಅದು ಹಂಚುವ ಸಂಖ್ಯೆಗಳ ಸಾಲು.
ಹೊಸ ಉಪಕರಣ ಸೇರಿಸಿದ ದಿನ, ಸೇರಿಸಿದವರ ಸಹಿ.

ಗುಪ್ತಪದ ಮಾತ್ರ ಇದರಲ್ಲಿ ಬರೆಯಬೇಡಿ! ಇಷ್ಟಿದ್ದರೆ, ಮುಂದೊಂದು ದಿನ “ಯಾರು ಕೈ ಹಾಕಿದ್ದು?” ಎಂಬ ಕೂಗು ಎದ್ದಾಗ ನಿಮ್ಮ ಕೈಯಲ್ಲಿ ಒಂದು ಹಾಳೆ, ಒಂದು ಫೋಟೋ, ಒಂದು ಲಾಗ್ ಇರುತ್ತದೆ. ಮಾತಿಗೆ ಮಾತು ಬೆಳೆಯುವ ಬದಲು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಷ್ಟರಲ್ಲಿ ಘಂಟಿಗಳು ಮತ್ತೆ ತಿರುಗತೊಡಗಿರುತ್ತವೆ.